ರೆಡ್ಡಪ್ಪನ ಹೆಬ್ಬೆರಳು, ಅಜ್ಜಿಯ ಸಕ್ಕರೆ

ಯಾರಾದರೂ ದನಿ ಎತ್ತಿದರೆ ಸಾಕು, ನನ್ನ ಕಾಲು ತಾನಾಗಿಯೇ ಆ ಕಡೆ ನಡೆಯುತ್ತದೆ. ಮನೆಯಲ್ಲಿ ಅತ್ತೆ ಕೂಗಿದರೂ ಅಷ್ಟೆ, ಕುಕ್ಕರ್ ಕೂಗಿದರೂ ಅಷ್ಟೆ. ನರ್ಸಿಂಗ್ ಓದುವಾಗ ನಮ್ಮ ಮೇಡಂ, ಕೂಗಾಡುವವರಿಗೆ ಉಸಿರಾದರೂ ಇರುತ್ತದೆ, ಸುಮ್ಮನೆ ಕೂತವರನ್ನು ಮೊದಲು ನೋಡಿ ಎಂದು ತಲೆಗೆ ತುಂಬಿದ್ದರು. ಅದನ್ನು ಪರೀಕ್ಷೆಯಲ್ಲಿ ಬರೆದು ಪಾಸಾಗುವುದು ಸುಲಭ. ಮಂಡಿಗಳೆಲ್ಲ ಗಿಜಿಗುಡುವ ಮಾವಿನ ಕಾಲದಲ್ಲಿ, ಆಂಧ್ರದ ಗಡಿಗೆ ಅಂಟಿದ ರಾಯಲ್ಪಾಡಿನ ಕಡೆಯ ನಮ್ಮ ಆಸ್ಪತ್ರೆಯಲ್ಲಿ ಪಾಲಿಸುವುದು ಬೇರೆ ಮಾತು. ಇಲ್ಲಿ ಕಾಯಿಲೆ ಎಷ್ಟು ದೊಡ್ಡದು ಎಂಬುದನ್ನು ಜೊತೆಗೆ ಬಂದ ಜನರಿಂದ ಅಳೆಯುತ್ತಾರೆ. ಒಬ್ಬನಿಗೆ ಜ್ವರ ಬಂದರೆ ಟೆಂಪೋ ತುಂಬಾ ಬಂದಿಳಿಯುತ್ತಾರೆ. ಅವರಲ್ಲಿ ರೋಗಿ ಯಾರು ಎಂದು ಕಂಡುಹಿಡಿಯುವುದೇ ನನ್ನ ಮೊದಲ ತಪಾಸಣೆ.

ಆವತ್ತು ಬೆಳಿಗ್ಗೆ ಟೊಮೆಟೊ ಮಂಡಿಯ ರೆಡ್ಡಪ್ಪ ಬಂದ. ಕ್ರೇಟಿನ ಮೊಳೆ ತಗುಲಿ ಹೆಬ್ಬೆರಳು ಗೀರಿಕೊಂಡಿತ್ತು. ಟವೆಲ್ ಸುತ್ತಿದ ಕೈಯನ್ನು ಬಾವುಟದ ಹಾಗೆ ಎತ್ತಿ ಹಿಡಿದಿದ್ದ. ಹಿಂದೆ ಅರ್ಧ ಮಂಡಿಯೇ ಇತ್ತು.

"ಏನಮ್ಮಾ ಸಿಸ್ಟರ್, ಮನುಷ್ಯ ಸತ್ತ ಮೇಲೆ ನೋಡ್ತೀರಾ?"

ಟವೆಲ್ ಬಿಚ್ಚಿ ನೋಡಿದೆ. ರಕ್ತ ಆಗಲೇ ನಿಂತಿತ್ತು. ಆದರೂ ಅಷ್ಟು ಜನರ ಮುಂದೆ ನಿಧಾನ ಮಾಡಲು ಯಾರಿಗೆ ಧೈರ್ಯ? ಡ್ರೆಸ್ಸಿಂಗ್ ಟ್ರೇ ತರಲು ತಿರುಗಿದಾಗ ಬೆಂಚಿನ ತುದಿಯಲ್ಲಿ ಮುನಿವೆಂಕಟಮ್ಮಜ್ಜಿ ಕಂಡರು. ಸಕ್ಕರೆ ಕಾಯಿಲೆಯವರು, ರಕ್ತ ಪರೀಕ್ಷೆಗೆಂದು ಮೊದಲ ಬಸ್ಸಿಗೇ ಖಾಲಿ ಹೊಟ್ಟೆಯಲ್ಲಿ ಬಂದಿದ್ದರು. "ಸ್ವಲ್ಪ ಅರ್ಜೆಂಟು ಅಜ್ಜಿ" ಎಂದವರಿಗೆಲ್ಲ ತಮ್ಮ ಸರದಿ ಬಿಟ್ಟುಕೊಟ್ಟು ಇನ್ನೂ ಅಲ್ಲೇ ಕೂತಿದ್ದರು.

"ಹೆಂಗಿದೀರಾ ಅಜ್ಜಿ?"

"ಏಮೀ ಲೇದಮ್ಮಾ. ಪಾಪ, ಮೊದ್ಲು ಆಯಪ್ಪನ್ನ ನೋಡು."

ಏನೂ ಇಲ್ಲವಂತೆ! ಫ್ಯಾನಿನ ಕೆಳಗೇ ಕೂತಿದ್ದರೂ ರವಿಕೆ ಬೆವರಿನಲ್ಲಿ ತೊಯ್ದಿತ್ತು. ಸೆರಗು ಹಿಡಿದ ಬೆರಳುಗಳು ನಡುಗುತ್ತಿದ್ದವು.

"ರೆಡ್ಡಪ್ಪೋರೇ, ನಿಮ್ಮ ಬೆರಳು ಎಲ್ಲೂ ಓಡಿಹೋಗಲ್ಲ, ಒತ್ತಿ ಹಿಡ್ಕೊಂಡು ಕೂತ್ಕೊಳ್ಳಿ" ಎಂದವಳೇ ಅಜ್ಜಿಯ ಬೆರಳಿಗೆ ಸೂಜಿ ಚುಚ್ಚಿದೆ. ಸಕ್ಕರೆ ಪಾತಾಳಕ್ಕಿಳಿದಿತ್ತು. ಡಾಕ್ಟರನ್ನು ಕೂಗಿದೆ. ಸಕ್ಕರೆ ನೀರು ಒಂದು ಗುಟುಕು ಇಳಿಯುವಷ್ಟರಲ್ಲಿ ಅಜ್ಜಿ ಕಣ್ಣು ತೇಲಿಸಿದರು. ಲೋಟ ಬದಿಗಿಟ್ಟು, ಮಗ್ಗುಲಾಗಿ ಮಲಗಿಸಿ, ಸಿಗದ ನರವನ್ನು ಹುಡುಕಿ, ಡಾಕ್ಟರ್ ಹೇಳಿದಂತೆ ಗ್ಲೂಕೋಸ್ ಹಾಕಿದೆ. ಈ ಜೀವ ನನ್ನ ಕೈಯಲ್ಲೇ ಹೋಗುತ್ತದೇನೋ ಎಂದು ನಿಜಕ್ಕೂ ಹೆದರಿದ್ದೆ. ಮಂಡಿಯವರೆಲ್ಲ ಹಿಂದೆ ಸರಿದು ಜಾಗ ಬಿಟ್ಟರು. ರೆಡ್ಡಪ್ಪ ಯಾರೂ ಹೇಳದೆಯೇ ಬಂದು, ಗಾಯವಿಲ್ಲದ ಕೈಯಲ್ಲಿ ಬಾಟಲಿ ಎತ್ತಿ ಹಿಡಿದ.

ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟರು. ಡಾಕ್ಟರ್ ನನ್ನ ಕಡೆ ನೋಡಿ "ಸರಿಯಾದ ಹೊತ್ತಿಗೆ ನೋಡಿದ್ರಿ" ಎಂದರು. ಬೀಗುವುದಕ್ಕೆ ಅಷ್ಟು ಸಾಕಾಗಿತ್ತು. ಸೊಂಟದ ಮೇಲೆ ಕೈಯಿಟ್ಟು ವಿಚಾರಣೆಗೆ ಇಳಿದೆ.

"ಏನೂ ತಿನ್ನದೆ ಮಾತ್ರೆ ನುಂಗಿದ್ರಾ ಅಜ್ಜಿ?"

"ಎರಡು ನುಂಗಿದೆ ಕಣಮ್ಮಾ."

"ಎರಡಾ! ಯಾಕೆ?"

"ಹೋದ ಸಲ ಸಕ್ಕರೆ ಜಾಸ್ತಿ ಐತೆ ಅಂತ ಎಲ್ಲಾರ ಮುಂದೆ ಹಂಗೆ ಬೈದ್ಯಲ್ಲಾ. ಈ ಸಲ ಕಮ್ಮಿ ಬಂದ್ರೆ ನಿಂಗೂ ಸಂತೋಷ ಅಂತ."

ಸೊಂಟದ ಮೇಲಿದ್ದ ಕೈ ಕೆಳಗಿಳಿಸಿದೆ. ಅಜ್ಜಿ ನನ್ನ ಕೈ ಹಿಡಿದು, ಮೆಲ್ಲಗೆ ಕೇಳಿದರು: "ಎಷ್ಟು ಬಂತಮ್ಮಾ? ಕಮ್ಮಿ ಆಗೈತಾ?"

"ತುಂಬಾ ಕಮ್ಮಿ ಆಗಿದೆ ಅಜ್ಜಿ" ಎಂದೆ. ಅಜ್ಜಿ ಬೊಚ್ಚು ಬಾಯಿ ತುಂಬಾ ನಕ್ಕರು. ನಾನು ಮುಖ ತಿರುಗಿಸಿಕೊಂಡು, ಸರಿಯಾಗಿಯೇ ಇಳಿಯುತ್ತಿದ್ದ ಡ್ರಿಪ್ಪನ್ನು ಮತ್ತೆ ಸರಿಮಾಡತೊಡಗಿದೆ.