ಅತ್ತೆಯ ಹವಳಕ್ಕೊಂದು ಅಗ್ಗದ ದೀಪ

ಭಾನುವಾರ ಬೆಳಿಗ್ಗೆ ಏಳೂಕಾಲಿಗೆ ನೋಡಿದಾಗಲೂ ಹವಳ ಮುಚ್ಚಿಕೊಂಡೇ ಇತ್ತು. ಬ್ಯಾಂಕ್ ಕ್ಯಾಷಿಯರನ ಮನೆಯ ಅಡುಗೆಕಟ್ಟೆಯ ಮೂಲೆಯಲ್ಲಿ, ಒಂದು ಬಕೆಟ್ ಉಪ್ಪುನೀರು ಹಿಡಿಸುವ ಗಾಜಿನ ತೊಟ್ಟಿಯೊಳಗೆ, ಆ ಸಮುದ್ರಜೀವಿ ಬಿಗಿದ ಕಿತ್ತಳೆ ಮುಷ್ಟಿಯ ಹಾಗೆ ಕೂತಿತ್ತು. ಬಂದು ಒಂದು ವಾರವಾಗಿತ್ತು. ಅದಕ್ಕೆಂದೇ ರಾತ್ರಿಯಿಡೀ ಅಡುಗೆಮನೆಯ ಟ್ಯೂಬ್‌ಲೈಟ್ ಉರಿಸಿಟ್ಟರೂ ಮುಷ್ಟಿ ಬಿಚ್ಚಿರಲಿಲ್ಲ.

ಹವಳ ಕೊಟ್ಟವರು ಅತ್ತೆ, ಅಂದರೆ ಹೆಂಡತಿಯ ತಾಯಿ. ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. "ಒಂದು ವಾರ ನೋಡ್ತೀನಿ. ಇದು ಅರಳದಿದ್ರೆ ತೊಟ್ಟಿ ನಾನು ತಗೊಂಡು ಹೋಗ್ತೀನಿ" ಎಂದು ಷರತ್ತು ಹಾಕಿದ್ದರು. ಆ ತೊಟ್ಟಿ ಬಿಟ್ಟರೆ ಕ್ಯಾಷಿಯರನಿಗೆ ಬೇರೆ ಹುಚ್ಚಿರಲಿಲ್ಲ. ಹಾಗಾಗಿ ಅವರು ಫೋನ್ ಮಾಡಿದಾಗಲೆಲ್ಲ, "ಕಮಲದ ಹಾಗೆ ಅರಳಿದೆ ಅತ್ತೆ" ಎಂದಿದ್ದ. ಇನ್ನು ಅವರನ್ನೇ ಉಪಾಯ ಕೇಳುವಂತಿರಲಿಲ್ಲ. ಸಂಜೆ ಆರಕ್ಕೆ ಅವರು ಬರುವವರಿದ್ದರು.

"ಬೆಳಕು ಸಾಲ್ತಿಲ್ಲ, ಅಷ್ಟೇ" ಎಂದ.

"ಹಾಗಾದ್ರೆ ದೀಪ ತನ್ನಿ" ಎಂದಳು ಹೆಂಡತಿ.

ಹವಳಕ್ಕೆ ನೀಲಿ ಬೆಳಕು ಬೇಕು ಎಂದ ಅಕ್ವೇರಿಯಂ ಅಂಗಡಿಯವನು ತೋರಿಸಿದ ದೀಪದ ಬೆಲೆಗೆ ಇಂಥ ಆರು ತೊಟ್ಟಿ ಬರುತ್ತಿದ್ದವು. ಮೂಗಿಗಿಂತ ಮೂಗುತಿ ಭಾರ ಎಂದುಕೊಂಡು ಕ್ಯಾಷಿಯರ್ ಬರಿಗೈಲಿ ಮರಳಿದ. ಬರುವಾಗ ಮೆಟ್ಟಿಲ ಮೇಲೆ ಸಿಕ್ಕ ಮಹಡಿಮನೆಯ ಹಲ್ಲಿನ ಡಾಕ್ಟರರಿಗೆ ವಿಷಯ ಹೇಳಿದ. ಅಲ್ಲೇ ಎಡವಿದ್ದು.

"ನೀಲಿ ಬೆಳಕು ತಾನೇ? ಅದಕ್ಕ್ಯಾಕ್ರೀ ದುಡ್ಡು ಸುರೀತೀರ? ಹುಳುಕು ಹಲ್ಲು ತುಂಬಿಸಿ ಗಟ್ಟಿ ಮಾಡ್ತೀನಲ್ಲ, ಆ ದೀಪ ಅಚ್ಚ ನೀಲಿ!"

ದೀಪ ನೀಲಿಯೇನೋ ಹೌದು. ಆದರೆ ಇಪ್ಪತ್ತು ಸೆಕೆಂಡಿಗೊಮ್ಮೆ ಕುಂಯ್ ಎಂದು ಆರಿಹೋಗುತ್ತಿತ್ತು; ಮತ್ತೆ ಗುಂಡಿ ಒತ್ತಬೇಕು. ಕಣ್ಣಿಗೆ ಡಾಕ್ಟರರ ಕಿತ್ತಳೆ ಕನ್ನಡಕ ಹಾಕಿಕೊಂಡು ಕ್ಯಾಷಿಯರ್ ಮಧ್ಯಾಹ್ನದವರೆಗೆ ಒತ್ತಿದ.

"ಬಾಯಿ ತೆರೀತಾ?" ಡಾಕ್ಟರು ಬಂದು ಕೇಳಿದರು.

"ಇಲ್ಲ ಡಾಕ್ಟ್ರೇ."

"ನನ್ನ ಪೇಷಂಟುಗಳೂ ಹೀಗೇ. ಸ್ವಲ್ಪ ಗದರಿಸಿ ನೋಡಿ."

ಸುದ್ದಿ ಕೆಳಮನೆಗೆ ಇಳಿಯಿತು. ಅಲ್ಲಿನ ಅಜ್ಜಿ, ಮೆಣಸಿನ ಸಸಿಗೆ ಕಟ್ಟಿದ್ದ ನೇರಳೆ ದೀಪವನ್ನೇ ಬಿಚ್ಚಿಕೊಂಡು ಬಂದರು.

"ನನ್ನ ಸಸಿ ಮೊಣಕಾಲು ಮುಟ್ಟಿದೆ ಕಣೋ ಇದ್ರಲ್ಲಿ. ನಿನ್ನ ಕಲ್ಲೇನು ಮಹಾ!"

"ಕಲ್ಲಲ್ಲ ಅಜ್ಜಿ, ಪ್ರಾಣಿ."

"ಪ್ರಾಣಿ ಅಂದ್ಮೇಲೆ ಹೊಟ್ಟೆಗೇನು ಹಾಕ್ತೀಯ?"

"ಬೆಳಕೇ ಅದರ ಊಟ."

ಅಜ್ಜಿ ಅವನ ಹೆಂಡತಿಯ ಕಡೆ ಕನಿಕರದಿಂದ ನೋಡಿದರು.

ನೇರಳೆ ಬೆಳಕಿನಲ್ಲಿ ಅಡುಗೆಮನೆ ನಾಟಕದ ನರಕದಂತೆ ಕಂಡಿತೇ ಹೊರತು ಹವಳ ಮಿಸುಕಲಿಲ್ಲ. ಎದುರುಮನೆಯ ಫೋಟೊಗ್ರಾಫರ್ ಸುಮ್ಮನಿದ್ದಾನೆಯೇ? "ಎಂಥೆಂಥ ಮುಖಗಳನ್ನೋ ಅರಳಿಸಿದೀನಿ, ಬಿಡಿ ಸಾರ್" ಎನ್ನುತ್ತ ಸ್ಟುಡಿಯೊದ ಎರಡು ದೊಡ್ಡ ದೀಪಗಳನ್ನು ಹೊತ್ತು ತಂದ. ಅವು ಹತ್ತಿದ ಸ್ವಲ್ಪ ಹೊತ್ತಿಗೇ ತೊಟ್ಟಿಯ ನೀರು ಬೆಚ್ಚಗಾಗತೊಡಗಿತು. ಒಳಗಿದ್ದ ಒಂದೇ ಒಂದು ಬಸವನಹುಳು ಗಾಜು ಹತ್ತಿ ಹೊರಗೆ ಇಣುಕಿತು.

"ಅಮ್ಮ ಬರೋಷ್ಟೊತ್ತಿಗೆ ಬೇಯಿಸಿಡ್ತೀರಾ ಹೇಗೆ?" ಹೆಂಡತಿ ಕೂಗಿದಳು.

ಕ್ಯಾಷಿಯರ್ ಗಾಬರಿಯಿಂದ, ಮೂವರ ದೀಪಗಳೂ ಇದ್ದ ಒಂದೇ ಬೋರ್ಡಿಗೆ ಫ್ಯಾನನ್ನೂ ಸಿಕ್ಕಿಸಿದ. ಟಪ್ ಎಂದಿತು. ಸುಟ್ಟ ವಾಸನೆ ಬಂತು. ಇಡೀ ಕಟ್ಟಡದ ಕರೆಂಟು ಹೋಯಿತು.

ಆಗ ಐದೂವರೆ. ಲೈನ್‌ಮ್ಯಾನ್ ಏಳಕ್ಕೆ ಮೊದಲು ಬರುವುದಿಲ್ಲ ಎಂದ. ಕಿಟಕಿಯಿಲ್ಲದ ಆ ಅಡುಗೆಮನೆಯಲ್ಲಿ ದೀಪದಾನಿಗಳು ಮೂವರೂ ತಮ್ಮ ತಮ್ಮ ದೀಪಕ್ಕಾಗಿ ತಡಕಾಡುತ್ತ, ತಪ್ಪು ಯಾರದೆಂದು ಜಗಳವಾಡುತ್ತ ನಿಂತಿದ್ದರು. ಆರು ಗಂಟೆಗೆ ಸರಿಯಾಗಿ ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಬಂದರು.

"ಎಲ್ಲಿ, ನಿಮ್ಮ ಕಮಲ?"

"ಅತ್ತೆ, ಅದು..." ಎಂದ ಕ್ಯಾಷಿಯರ್.

ಅತ್ತೆ ಮೊಬೈಲಿನ ಟಾರ್ಚಿಗೆ ಕರವಸ್ತ್ರ ಸುತ್ತಿ ತೊಟ್ಟಿಯತ್ತ ಹಿಡಿದರು. ಮುಷ್ಟಿ ಬಿಚ್ಚಿತ್ತು. ಒಂದೊಂದು ಮೊಗ್ಗಿನಿಂದಲೂ ಹಳದಿ ಬೆರಳುಗಳು ಹೊರಬಂದು ನೀರಿನಲ್ಲಿ ತೂಗಾಡುತ್ತಿದ್ದವು.

"ಭಲೇ ಅಳಿಯಂದ್ರೇ!" ಅತ್ತೆಯ ದನಿ ಗದ್ಗದವಾಯಿತು. "ಈ ಜಾತಿ ಬೆಳಕು ತಿನ್ನಲ್ಲ. ಕತ್ತಲಾದ್ಮೇಲೆ ಕೈ ಚಾಚಿ ತುತ್ತು ಹಿಡಿಯುತ್ತೆ. ತಿಳೀದವರು ದೀಪ ಹಾಕಿ ಹಾಕಿ ಉಪವಾಸ ಕೊಲ್ತಾರೆ. ನೀವು ನನಗೆ ತೋರಿಸ್ಬೇಕು ಅಂತ ಇಡೀ ಕಟ್ಟಡದ ದೀಪಾನೇ ಆರಿಸಿದೀರಲ್ಲ!"

ಡಾಕ್ಟರು ಕೆಮ್ಮಿದರು. ಹೆಂಡತಿ ಕತ್ತಲಲ್ಲಿ ಗಂಡನ ತೋಳು ಚಿವುಟಿದಳು.

"ಏನೋ, ನನ್ನ ಕೈಲಾದಷ್ಟು ಅತ್ತೆ" ಎಂದ ಕ್ಯಾಷಿಯರ್.

ಆ ರಾತ್ರಿ ಅವನು ಮೂರೂ ಮನೆಗಳ ಬಾಗಿಲು ತಟ್ಟಿ ದೀಪ ಮರಳಿಸಿದ. ಫೋಟೊಗ್ರಾಫರನ ಎರಡು ದೀಪಗಳೂ ಸುಟ್ಟಿದ್ದವು. ಅವನು ಬಾಗಿಲು ಪೂರ್ತಿ ತೆರೆಯಲಿಲ್ಲ. ಅಂತೂ ಇನ್ನು ದೀಪದ ಹಂಗಿಲ್ಲ ಎಂದು ಕ್ಯಾಷಿಯರ್ ನೆಮ್ಮದಿಯಿಂದ ಮಲಗಿದ.

ಮರುದಿನ ಅವನು ಬ್ಯಾಂಕಿಗೆ ಹೊರಡುವ ಹೊತ್ತಿಗೆ, ಅಳಿಯನ ಜಾಣತನ ಮೆಚ್ಚಿದ ಅತ್ತೆ ತಮ್ಮ ಮನೆಯಿಂದ ಇನ್ನೂ ಮೂರು ಹವಳ ಕಳಿಸಿದರು. ಅವು ಬೇರೆ ಜಾತಿಯವು. ಮೂರಕ್ಕೂ ದಿನಕ್ಕೆ ಎಂಟು ಗಂಟೆ ಬೆಳಕು ಬೇಕಿತ್ತು.