ನೀಲಿ ಬಂದರೆ ಬೈಗುಳವಿಲ್ಲ

‘೧೪ ಜೂನ್ ೧೯೭೯, ಗುರುವಾರ. ಯಜಮಾನರಿಗೆ ಸಕ್ಕರೆ ಕಾಯಿಲೆಯೆಂದು ಹಾನಗಲ್ಲಿನ ಡಾಕ್ಟರು ಹೇಳಿದರು. ಸಂಜೆ ಅತ್ತೆ ಶಾವಿಗೆ ಪಾಯಸ ಮಾಡಿದರು.’

ನನ್ನ ಹಳೆಯ ಡೈರಿಯಲ್ಲಿ ಈ ಎರಡು ಸಂಗತಿಗಳು ಒಂದರ ಕೆಳಗೊಂದು ಇವೆ. ಮಗನಿಗೆ ಕಾಯಿಲೆಯೆಂದು ಕೇಳಿದ ತಾಯಿಗೆ ಮೊದಲು ನೆನಪಾಗುವುದು ಪಾಯಸವೇ. ನಾನು ಧಾರವಾಡದಲ್ಲಿ ಬಿ.ಎಸ್ಸಿ. ಮಾಡಿ, ಸವಣೂರಿನ ಈ ಮನೆಗೆ ಸೊಸೆಯಾಗಿ ಬಂದು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಮನೆಯೊಳಗೆ ಪಥ್ಯ ಕಾಲಿಟ್ಟ ಮೇಲೆ ಇಂಥವು ನಡೆಯುತ್ತಲೇ ಇದ್ದವು.

ತೌಡು

ಡಾಕ್ಟರು ಹೇಳಿದ್ದು ಇಷ್ಟೇ: “ಬಿಳಿ ಅನ್ನ ಬಿಡ್ರಿ. ಹಿಟ್ಟು ಸಾಣಿಸಬ್ಯಾಡ್ರಿ. ತೌಡಿನಾಗ ನಾರಿರ್ತೈತಿ. ಅದು ಸಕ್ಕರೀನ ಗಡಬಡ ರಕ್ತಕ್ಕ ಏರಾಕ ಬಿಡಂಗಿಲ್ಲ. ಎದಿಗೂ ಚಲೋ.”

ಅತ್ತೆ ಕೆಂಡವಾದರು. “ನನ್ನ ಮಗಾ ಏನ್ ಎಮ್ಮೀ ಏನವಾ, ತೌಡು ತಿನ್ನಾಕ?”

ನಾನು ಪಟ್ಟು ಬಿಡಲಿಲ್ಲ. ಸಾಣಿಸದ ಹಿಟ್ಟನ್ನೇ ಡಬ್ಬಿಗೆ ತುಂಬಿಟ್ಟೆ. ನಾನು ಶಾಲೆಗೆ ಹೋದ ಮೇಲೆ ಅತ್ತೆ ಅದನ್ನು ಸಾಣಿಸಿ, ಬಿಳಿ ಹಿಟ್ಟನ್ನು ಡಬ್ಬಿಗೆ, ತೌಡನ್ನು ಕೊಟ್ಟಿಗೆಗೆ ಹಾಕುತ್ತಿದ್ದರು. ಎಮ್ಮೆಯ ಮೈ ಮಿರಿಮಿರಿ ಮಿಂಚತೊಡಗಿದಾಗ ನನಗೆ ವಿಷಯ ತಿಳಿಯಿತು. ಆ ವರ್ಷ ನಮ್ಮ ಮನೆಯಲ್ಲಿ ಡಾಕ್ಟರ ಮಾತನ್ನು ಚಾಚೂತಪ್ಪದೆ ಪಾಲಿಸಿದ್ದು ಎಮ್ಮೆಯೊಂದೇ.

ಹಂಸಭಾವಿಯ ಮದುವೆ

ಹಂಸಭಾವಿಯಲ್ಲಿ ಬೀಗರ ಮನೆಯ ಮದುವೆ. “ಇವರಿಗೆ ಜೋಳದ ರೊಟ್ಟಿ, ಮೆಂತ್ಯ ಪಲ್ಯ ಇದ್ರ ಸಾಕ್ರಿ” ಎಂದೆ.

ಬೀಗರು ಗಾಬರಿಯಾದರು. “ಮದುವಿ ಊಟಕ್ಕ ಬೀಗರಿಗೆ ರೊಟ್ಟಿ ಬಡಿಸಿದ್ರ ಊರಾಗ ಮಾರಿ ಹೆಂಗ ತೋರಸ್ಲಿ ಅಕ್ಕಾರ?”

ನಾನು ಚೀಲದಲ್ಲಿ ತಂದಿದ್ದ ರೊಟ್ಟಿಯ ಗಂಟನ್ನೇ ಬಿಚ್ಚಿದೆ. ಮೂರು ದಿನದಿಂದ ಸಿಹಿಯುಂಡು ಬಾಯಿ ಕೆಟ್ಟಿದ್ದ ಪಂಕ್ತಿಯ ಹಿರಿಯರು ಒಬ್ಬೊಬ್ಬರೇ ಕೈಚಾಚಿದರು. “ನನಗೊಂದು ತುಣುಕು ಕೊಡ್ರಿ.” “ಶೇಂಗಾ ಚಟ್ನಿ ಐತೇನ್ರಿ?” ಗಂಟು ಪಂಕ್ತಿಯ ಕೊನೆ ಮುಟ್ಟುವುದರೊಳಗೆ ಖಾಲಿ.

ಯಜಮಾನರು ಬಹಳ ದುಃಖದ ಮುಖ ಮಾಡಿಕೊಂಡು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಗಚ್ಚಿನ ಮೇಲಿನ ಬಾಟಲಿ

ಆಗ ಮನೆಯಲ್ಲಿ ಸಕ್ಕರೆ ನೋಡುವ ಯಂತ್ರವಿರಲಿಲ್ಲ. ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಬೇಕು. ನೀಲಿಯೇ ಉಳಿದರೆ ಕ್ಷೇಮ. ಇಟ್ಟಿಗೆಯಂತೆ ಕೆಂಪಾದರೆ ಅಪಾಯ. ಯಜಮಾನರು ಬೆಳಿಗ್ಗೆ ಬಚ್ಚಲಮನೆಯ ಗಚ್ಚಿನ ಕಟ್ಟೆಯ ಮೇಲೆ ಮೂತ್ರದ ಬಾಟಲಿ ಇಟ್ಟಿರಬೇಕು. ನಾನು ಕುದಿಸಿ, ಬಣ್ಣ ಬರೆದುಕೊಳ್ಳುತ್ತಿದ್ದೆ. ಕೆಂಪು ಬಂದ ದಿನ ಊಟಕ್ಕೆ ಕುಳಿತವರಿಗೆಲ್ಲ ನನ್ನ ಪಾಠ.

ಒಂದು ಚಳಿಗಾಲದಿಂದ ದಿನವೂ ನೀಲಿ ಬರತೊಡಗಿತು. ನಾನು ಶಾಲೆಯ ತುಂಬ ಹೇಳಿಕೊಂಡು ಬಂದೆ. ಡಾಕ್ಟರು ನನ್ನ ದಾಖಲೆ ನೋಡಿ, “ಭೇಷ್ ಬಾಯಾರ!” ಎಂದು ಮಾತ್ರೆ ಕಡಿಮೆ ಮಾಡಿದರು. ಯಜಮಾನರ ಕಾಲಬೆರಳಲ್ಲೊಂದು ಹುಣ್ಣು ಮಾಯದೆ ಉಳಿದಿತ್ತು. “ಚಪ್ಪಲಿ ಕಚ್ಚೇತಿ” ಎನ್ನುತ್ತಿದ್ದರು. ನೀಲಿ ನೋಡಿ ನಾನೂ ನಂಬಿದೆ.

ಒಮ್ಮೆ ಅವರು ಯಲವಿಗಿಯಲ್ಲಿ ರೈಲು ಹತ್ತಿ ದಾವಣಗೆರೆಗೆ ಹೋಗಿ ಅಲ್ಲೇ ಉಳಿದರು. ಮರುದಿನ ಬೆಳಿಗ್ಗೆ ನೋಡಿದರೆ ಬಾಟಲಿ ತುಂಬಿಕೊಂಡು ಗಚ್ಚಿನ ಮೇಲೆ ಕುಳಿತಿದೆ!

“ಅತ್ತೀ, ಅವರು ಊರಾಗ ಇಲ್ಲ. ಇದು ಯಾರದು?”

ಅತ್ತೆ ನಾಲಿಗೆ ಕಚ್ಚಿಕೊಂಡರು. “ಅಯ್ಯ, ಹೌದಲ್ಲ! ರೂಢಿ ಆಗಿಬಿಟ್ಟೈತಿ ನೋಡವಾ. ಕೆಂಪ ಬಂದ್ರ ನೀ ಅವಂಗ ಬೈತಿ. ನಂದು ನೀಲಿನ ಬರ್ತೈತಿ. ಕೊಟ್ರ ನಂದೇನ್ ಕಡಿಮಿ ಆಗ್ತೈತಿ ಅಂತ ಕೊಟ್ಟೆ. ಅವಗೂ ಗೊತ್ತೈತಿ.”

ಅತ್ತೆಗೆ ಎಪ್ಪತ್ತು ದಾಟಿತ್ತು. ಮಗನಿಗೆ ಬಿಳಿ ಅನ್ನ ಬಡಿಸಿ, ತಾವು ಜನ್ಮವಿಡೀ ರೊಟ್ಟಿ, ಹೊಲದ ಸೊಪ್ಪು, ಮೊಳಕೆ ಕಾಳು ಉಂಡವರು. ನಾರು ತಿಂದವರ ಆರೋಗ್ಯ ಹೇಗಿರುತ್ತದೆಂದು ನಾನು ದಿನ ತಪ್ಪದೆ ಸರಿಯಾಗಿಯೇ ಬರೆದಿಟ್ಟಿದ್ದೆ. ಮೇಲಿನ ಹೆಸರು ಮಾತ್ರ ಬೇರೆಯವರದು.

ಅಷ್ಟರಲ್ಲಿ ಕಾಲಬೆರಳಿನ ಹುಣ್ಣು ಕೊಳೆತಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಬೆರಳು ತೆಗೆದ ದಿನ ಅತ್ತೆ ಅಳುತ್ತ ಕುಳಿತಾಗ ಯಜಮಾನರೇ ಸಮಾಧಾನ ಮಾಡಿದರು: “ಅಳಬ್ಯಾಡ ಅವ್ವಾ. ಚಪ್ಪಲಿ ಹಿಡಿಯೂದು ಹೆಬ್ಬೆರಳು. ಇದು ಸುಮ್ನ ಬಾಜೂಕ ಕುಂತಿತ್ತು.”

ಕೊನೆಗೆ ಹೋದದ್ದು ಅವರ ಬಲಗಾಲಿನ ಕಿರುಬೆರಳು, ನನ್ನ ಒಂದು ಇಡೀ ಬೇಸಿಗೆ ರಜೆ.