ನಡುಗೆರೆಯ ಮೆಣಸಿನಕಾಯಿ

ನಮ್ಮ ಸೋದರತ್ತೆ ಜೀವಮಾನದಲ್ಲಿ ಒಂದು ಫುಟ್‌ಬಾಲ್ ಪಂದ್ಯವನ್ನೂ ಪೂರ್ತಿ ನೋಡಿದವಳಲ್ಲ. ಆದರೂ ಹರಿಹರದ ಟೀಮನ್ನು ಸೋಲಿಸಿದವಳು ಅವಳೇ. ನಂಬುವುದಿಲ್ಲವೇ? ಗೋಲು ಹೊಡೆದ ನನಗೇ ಬಹಳ ಹೊತ್ತು ನಂಬಿಕೆ ಬಂದಿರಲಿಲ್ಲ!

ಇದು ಐವತ್ತರ ದಶಕದ ಕೊನೆಯ ಮಾತು. ದಾವಣಗೆರೆಯ ಪಕ್ಕದ ನಿಟ್ಟುವಳ್ಳಿ ನಮ್ಮದು. ಟೀಮಿನ ಕ್ಯಾಪ್ಟನ್ ಅರಳೆ ವ್ಯಾಪಾರಿಯ ಮಗ ರಹೀಮ. ಎಲ್ಲರಂತೆ ನಾವೂ ಐವರು ಮುಂದೆ, ಮೂವರು ನಡುವೆ, ಇಬ್ಬರು ಹಿಂದೆ ನಿಂತು ಬರಿಗಾಲಲ್ಲಿ ಆಡುತ್ತಿದ್ದೆವು. ಪ್ರತಿ ವರ್ಷ ತಪ್ಪದೆ ಹರಿಹರದವರಿಗೆ ಸೋಲುತ್ತಿದ್ದೆವು. ಹಿಂದಿನ ವರ್ಷವಂತೂ ಗೋಲಿನ ಮುಂದಿನ ನೂಕುನುಗ್ಗಲಲ್ಲಿ ನನ್ನ ಕಾಲೇ ಮುರಿದಿತ್ತು. ಎರಡು ತಿಂಗಳು ಅತ್ತೆ ನನ್ನನ್ನು ಹಿತ್ತಲಿಗೂ ಕೈಹಿಡಿದು ನಡೆಸಿದ್ದಳು.

"ಈ ಸಲಾನೂ ಸೋತ್ರೆ ಚೆಂಡು ಯಾರಿಗಾದ್ರೂ ಕೊಟ್ಟು ಕಬಡ್ಡಿ ಆಡಾಣ" ಎಂದು ರಹೀಮ ನಮ್ಮ ಜಗಲಿಯಲ್ಲಿ ಕೂತು ತೀರ್ಪು ಕೊಟ್ಟ. ಒಳಗಿನಿಂದ ಅತ್ತೆ ತರಕಾರಿ ಮೊರದೊಂದಿಗೆ ಬಂದಳು.

"ನೀವ್ಯಾಕ ಅವರ ಮ್ಯಾಲೆ ಬೀಳಾಕೆ ಹೋಗ್ತೀರಿ? ಅವರೇ ಬರ್ಲಿ ಬಿಡ್ರಿ. ಬಂದು ದಣೀಲಿ."

ಅತ್ತೆಯ ಸಂಸಾರ ನಡೆಯುತ್ತಿದ್ದುದೇ ಹೀಗೆ. ನಮ್ಮ ಎಮ್ಮೆ ಹುಲ್ಲು ಮೇಯಿತೆಂದು ಪಕ್ಕದ ಮನೆಯಾಕೆ ಜಗಳಕ್ಕೆ ಬಂದರೆ ಅತ್ತೆ ಮಣೆ ಹಾಕಿ ಕೂರಿಸುವಳು. ಆಕೆ ಬೈಯುವಳು, ಅತ್ತೆ ನೀರು ಕೊಡುವಳು. ಆಕೆ ಇನ್ನಷ್ಟು ಬೈಯುವಳು, ಅತ್ತೆ ಮಂಡಕ್ಕಿ ಕೊಡುವಳು. ಗಂಟಲು ಸಂಪೂರ್ಣ ಆರಿದ ಮೇಲೆ ಒಂದೇ ಮಾತು: "ಮುಗೀತೇನ್ರಿ? ಹಂಗಾರೆ ನಿಮ್ಮ ಕೋಳಿ ನಮ್ಮ ಸಂಡಿಗೆ ತಿಂದಿದ್ದು ನಾ ಹೇಳ್ಲಾ?" ಆಕೆ ಮಂಡಕ್ಕಿ ಅರ್ಧಕ್ಕೆ ಬಿಟ್ಟು ಎದ್ದು ಹೋಗುವಳು.

ಅವತ್ತು ಅತ್ತೆ ಜಗಲಿಯ ಮೇಲೆ ಅಕ್ಕಿ ಅಳೆಯುವ ಸೇರನ್ನು ಅಡ್ಡ ಮಲಗಿಸಿ ಗೋಲು ಮಾಡಿದಳು. ಅದರ ಬಾಯಿಗೆ ಒಂದು ಬದನೆಕಾಯಿ, ಗೋಲ್‌ಕೀಪರ್. ಮುಂದೆ ಐದು ಈರುಳ್ಳಿ, ತಡೆಯುವವರು. ಅದರಾಚೆ ನಾಲ್ಕು ಬೆಳ್ಳುಳ್ಳಿ, ಚೆಂಡು ಕಿತ್ತುಕೊಂಡು ಒಂದೇ ಏಟಿಗೆ ದೂರ ಒದೆಯುವವರು. ಆಮೇಲೆ ಹೊಸ್ತಿಲ ತನಕ ನಡೆದು ಅಲ್ಲೊಂದು ಒಂಟಿ ಬಜ್ಜಿ ಮೆಣಸಿನಕಾಯಿ ಇಟ್ಟಳು.

"ಅದು ಯಾರು?" ಎಂದೆ.

"ನೀನು. ಉದ್ದಕೆ ಅದೀಯ, ನೆಟ್ಟಗೆ ಓಡಾದು ಬಿಟ್ರೆ ಬ್ಯಾರೆ ಏನೂ ಬರಲ್ಲ. ನಡುಗೆರೆ ಹತ್ರ ನಿಂತ್ಕ. ಏನೇ ಆಗ್ಲಿ, ಗುಂಪಿಗೆ ಬರಬ್ಯಾಡ."

"ನಾವೆಲ್ಲಾ ಒದೆ ತಿಂತಿರ್ಬೇಕು, ಇವ್ನು ಅಲ್ಲಿ ಗಾಳಿ ತಗಂತಿರ್ಬೇಕೇನ್ರಮ್ಮಾ?" ಎಂದ ರಹೀಮ.

"ಹೂನಪ್ಪ. ಅದೇ ಅವನ ಕೆಲ್ಸ."

ಅಷ್ಟರಲ್ಲಿ ಒಲೆಯ ಮೇಲೆ ಎಣ್ಣೆ ಕಾಯಿತು. ಅತ್ತೆ ನಮ್ಮ ಇಡೀ ಟೀಮನ್ನು ಮೊರಕ್ಕೆ ಗೋರಿಕೊಂಡು ಒಳಗೆ ಹೋದಳು. ನನ್ನನ್ನು ಕಡಲೆಹಿಟ್ಟಿನಲ್ಲಿ ಅದ್ದಿ, ಕರಿದು, ರಹೀಮನ ಕೈಗಿಟ್ಟಳು. ತಿಂದ ಮೇಲೆ ಅವನು ಒಪ್ಪಿದ.

ಪಂದ್ಯದ ದಿನ ಅತ್ತೆಯೂ ನಮ್ಮ ಜೊತೆ ರೈಲು ಹತ್ತಿದಳು. ಹರಿಹರೇಶ್ವರನಿಗೆ ಹಣ್ಣುಕಾಯಿ ಮಾಡಿಸಬೇಕಂತೆ! ಹೆಂಗಸರು ಮೈದಾನಕ್ಕೆ ಬರುವ ಕಾಲವಲ್ಲ ಅದು. ದೇವರ ಕೆಲಸ ಮುಗಿಸಿ, ಮೈದಾನದ ಅಂಚಿಗೆ ಟಾಂಗಾ ನಿಲ್ಲಿಸಿ ಅದರಲ್ಲೇ ಕೂತಳು.

ಹರಿಹರದವರು ನುಗ್ಗಿಯೇ ನುಗ್ಗಿದರು. ನಮ್ಮ ಈರುಳ್ಳಿ ಬೆಳ್ಳುಳ್ಳಿಗಳು ಗೋಲಿನ ಮುಂದೆ ಗೋಡೆಯಾಗಿ ಒದೆ ತಿಂದವು. ನಾನು ನಡುಗೆರೆಯಲ್ಲಿ ಕೈಕಟ್ಟಿ ನಿಂತಿದ್ದೆ. "ಯಾಕಪ್ಪಾ, ಬಸ್ಸಿಗೆ ಕಾಯ್ತೀಯೇನು?" ಎಂದು ಜನ ನಕ್ಕರು. ನಾಚಿಕೆಯಿಂದ ಎರಡು ಹೆಜ್ಜೆ ಹಿಂದೆ ಬಂದೆ. ಟಾಂಗಾದಿಂದ ಕೂಗು ಬಂತು: "ಅಲ್ಲೇ ನಿಂತ್ಕಳಲೇ!"

ಕೊನೆಗೆ ದಣಿದು, ಸಿಟ್ಟಿಗೆದ್ದು, ಅವರ ಹಿಂದಿನವರೂ ನಮ್ಮ ಗೋಲಿನತ್ತ ಏರಿ ಬಂದರು. ರಹೀಮ ಚೆಂಡು ಕಿತ್ತು ಒಂದೇ ಒದೆತ ಒದ್ದ. ಚೆಂಡು ನನ್ನ ತಲೆ ದಾಟಿತು. ಮುಂದೆ ಅವರ ದಾಂಡಿಗ ಗೋಲ್‌ಕೀಪರ್ ಒಬ್ಬನೇ. ನೆಟ್ಟಗೆ ಓಡಿದೆ, ನೆಟ್ಟಗೆ ಒದ್ದೆ. ಅದೊಂದೇ ಗೋಲಿಗೆ ಗೆದ್ದೆವು. ಕಬಡ್ಡಿ ತಪ್ಪಿತು.

ಟಾಂಗಾದ ಹತ್ತಿರ ಓಡಿದೆ. ಅತ್ತೆ ಇನ್ನೂ ಮುಖದ ಮೇಲೆ ಸೆರಗು ಒತ್ತಿಕೊಂಡೇ ಕೂತಿದ್ದಳು.

"ಅತ್ತೆ, ಗೋಲು ನೋಡಿದ್ಯಾ?"

"ಇಲ್ಲಪ್ಪ. ಆ ದಾಂಡಿಗ ನಿನ್ನ ಎದುರಿಗೆ ಓಡಿ ಬಂದ್ನಲ್ಲ, ಕಣ್ಣು ಮುಚ್ಕಂಡೆ."

"ನಿನ್ನ ಯುಕ್ತಿ ಗೆದ್ದುಬಿಡ್ತು!"

"ಯುಕ್ತಿ ಏನು ಬಂತು? ಆ ಗುಂಪಿನಾಗೆ ಹೊಕ್ಕು ಮತ್ತೆ ಕಾಲು ಮುರ್ಕಂತೀಯ ಅಂತ ದೂರ ನಿಲ್ಸಿದೆ ಅಷ್ಟೆ."

ಟಾಂಗಾದಿಂದ ಇಳಿದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒತ್ತಿ ಒತ್ತಿ ನೋಡಿದಳು. ಮೊದಲು ಮುರಿದಿದ್ದ ಕಾಲು, ಆಮೇಲೆ ಇನ್ನೊಂದು. ಇಡೀ ಟೀಮು ಸುತ್ತ ನಿಂತು ನೋಡುತ್ತಿತ್ತು. ನಾನು ಕಾಲು ಹಿಂದಕ್ಕೆಳೆಯಲಿಲ್ಲ.